ಪ್ರೇಮಕ್ಕ ಟೀಚರ ಮನೆಭೇಟಿ

ನರಸಿಂಹರಾಜಪುರದಲ್ಲಿ ಸಿಸ್ಟರುಗಳು ನಡೆಸುವ ಒಂದು ಕನ್ನಡ ಶಾಲೆ. ಒಂದನೇ ಕ್ಲಾಸಿಗೆ ಸೇರುವ ಮಕ್ಕಳ ಮನೆಗಳಿಗೆ ಮೇ ತಿಂಗಳ ಕೊನೆಯಲ್ಲಿ ಒಬ್ಬ ಟೀಚರು ಹೋಗಿಬರುವುದು ಆ ಶಾಲೆಯ ಹಳೆಯ ಪದ್ಧತಿ. ಇಪ್ಪತ್ತೆರಡು ವರ್ಷಗಳಿಂದ ಆ ಟೀಚರು ಪ್ರೇಮಕ್ಕ. ಹಾಜರಿ ಪುಸ್ತಕದಲ್ಲಿ ಬಿ. ವಿ. ಪ್ರೇಮಾ ಎಂದಿತ್ತು. ಮಕ್ಕಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ಕೊಪ್ಪದ ಬಸ್ಸಿನ ಕಂಡಕ್ಟರಿಗೆ ಕೂಡ ಅವಳು ಪ್ರೇಮಕ್ಕ ಟೀಚರೇ.

ಆ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ತೋಟಕ್ಕೆ, ಗದ್ದೆಗೆ ಕೂಲಿಗೆ ಹೋಗುವವರ ಮಕ್ಕಳು. ಮನೆಯಿಂದ ಶಾಲೆಯ ಮೆಟ್ಟಿಲು ಹತ್ತುತ್ತಿರುವುದು ಆ ಮಗುವೇ ಮೊದಲು ಎನ್ನುವಂಥ ಮನೆಗಳೂ ಇದ್ದವು. ಪ್ರೇಮಕ್ಕ ಅಂಥ ಮನೆಯ ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ನಿಧಾನವಾಗಿ ಹೇಳುತ್ತಿದ್ದಳು. ಚಡ್ಡಿಗೆ ಗುಂಡಿ ಬೇಡ, ಇಲಾಸ್ಟಿಕ್ ಹಾಕಿಸಿ, ಮಗುವಿಗೆ ತಾನೇ ಇಳಿಸಲಿಕ್ಕೆ ಬರಬೇಕು. ಡಬ್ಬಿಯ ಮುಚ್ಚಳ ಮಗುವಿನ ಕೈಯಲ್ಲೇ ತೆಗೆಸಿ ನೋಡಿ. ಅದರ ಹೆಸರು, ಅಪ್ಪನ ಹೆಸರು, ಊರ ಹೆಸರು ಗಟ್ಟಿಯಾಗಿ ಹೇಳಲು ಕಲಿಸಿ. ಒಂದಕ್ಕೆ ಬಂದರೆ ಟೀಚರ ಹತ್ತಿರ ಕೇಳಬೇಕು, ಹೆದರಬಾರದು ಅಂತ ದಿನಾ ಹೇಳಿ. ತಲೆಯಲ್ಲಿ ಹೇನಿದ್ದರೆ ಈಗಲೇ ತೆಗೀರಿ.

ಇಷ್ಟೆಲ್ಲ ಹೇಳಿ ಎದ್ದುನಿಂತು, ಚಪ್ಪಲಿ ಮೆಟ್ಟುವ ಮೊದಲು ಕೊನೆಯದನ್ನು ಹೇಳುತ್ತಿದ್ದಳು. "ಒಂದನೇ ತಾರೀಕು ಗೇಟಿನವರೆಗೆ ಕರ್ಕೊಂಡು ಬನ್ನಿ. ಕೈ ಬಿಡಿ. ಹೊರಟುಬಿಡಿ. ಮಗು ಎಷ್ಟೇ ಕೂಗಿದ್ರೂ ಹಿಂದೆ ತಿರುಗಿ ನೋಡ್ಬೇಡಿ. ಒಳಗೆ ನಾನಿರ್ತೀನಿ." ತಾಯಂದಿರ ಮುಖ ಸಣ್ಣದಾದರೆ ತನ್ನದೇ ಸಂಗತಿ ಹೇಳುತ್ತಿದ್ದಳು: "ನನ್ನನ್ನೂ ಹೀಗೇ ಬಿಟ್ಟುಹೋಗಿದ್ರು. ನಮ್ಮಮ್ಮ ತಿರುಗಿ ನೋಡ್ಲಿಲ್ಲ, ನಾನು ಅಳ್ಲಿಲ್ಲ. ಈಗ ನೋಡಿ, ಟೀಚರಾಗಿದ್ದೀನಿ."

ಇದು ಅವಳು ಕಟ್ಟಿದ ಮಾತಲ್ಲ, ಅವಳನ್ನು ಬೆಳೆಸಿದ ಗ್ರೇಷಿಯಾ ಸಿಸ್ಟರ್ ಅವಳಿಗೆ ಹೇಳಿದ್ದು.

ಪ್ರೇಮಕ್ಕನ ಊರು ಶೃಂಗೇರಿ ಕಡೆಯ ಬೇಗಾರು. ಅಪ್ಪ ವೆಂಕಟಯ್ಯ ಜ್ವರ ಬಂದು ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಅಮ್ಮ ಕರಿಯಕ್ಕ ಒಬ್ಬರ ತೋಟದಲ್ಲಿ ಕೆಲಸಕ್ಕಿದ್ದಳು. ಆ ಕಾಲದಲ್ಲಿ ಸಿಸ್ಟರುಗಳು ಜೀಪಿನಲ್ಲಿ ಔಷಧಿ ತೆಗೆದುಕೊಂಡು ಹಳ್ಳಿಗಳಿಗೆ ಬರುತ್ತಿದ್ದರು. ಹಾಗೆ ಬಂದವರಲ್ಲಿ ಮಂಗಳೂರಿನ ಗ್ರೇಷಿಯಾ ಸಿಸ್ಟರ್ ಒಬ್ಬರು. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುವಾಗ ಜೀಪಿನ ಮೇಲಿದ್ದ ಅಕ್ಷರಗಳನ್ನು ಬೆರಳಿನಿಂದ ಮಣ್ಣಿನಲ್ಲಿ ಬರೆಯುತ್ತಿದ್ದ ಈ ಹುಡುಗಿಯನ್ನು ಅವರು ನೋಡಿದರು, ನಮ್ಮ ಶಾಲೆಗೆ ಕಳಿಸು ಎಂದು ಅಮ್ಮನಿಗೆ ಹೇಳಿದರು. ಮುಂದಿನ ಜೂನಿನಲ್ಲಿ ಕರಿಯಕ್ಕ ಮಗಳನ್ನು ಕರೆದುಕೊಂಡು ಶೃಂಗೇರಿಗೆ ನಡೆದು, ಅಲ್ಲಿಂದ ಕೊಪ್ಪಕ್ಕೆ ಒಂದು ಬಸ್ಸು, ಕೊಪ್ಪದಿಂದ ನರಸಿಂಹರಾಜಪುರಕ್ಕೆ ಇನ್ನೊಂದು ಬಸ್ಸು ಹತ್ತಿ ಬಂದು ಸಿಸ್ಟರುಗಳ ಬೋರ್ಡಿಂಗಿನ ಬಾಗಿಲಲ್ಲಿ ಬಿಟ್ಟಳು. ಅದು ಅರವತ್ತೇಳನೇ ಇಸವಿ. ಪ್ರೇಮಕ್ಕನಿಗೆ ಆರು ವರ್ಷ. "ಮೂರು ತಿಂಗಳು ಬರಬೇಡ, ನಿನ್ನ ಮುಖ ಕಂಡರೆ ಮಗು ಒಗ್ಗುವುದಿಲ್ಲ" ಎಂದು ಸಿಸ್ಟರ್ ಕರಿಯಕ್ಕನಿಗೆ ಹೇಳಿದ್ದರು. ಕರಿಯಕ್ಕ ಮತ್ತೆ ಮಗಳ ಮುಂದೆ ಬಂದದ್ದು ದಸರಾ ರಜೆಗೆ.

ಆ ದಿನಗಳದ್ದು ಪ್ರೇಮಕ್ಕನಿಗೆ ಏನೂ ನೆನಪಿಲ್ಲ. ಹಿತ್ತಾಳೆ ತಟ್ಟೆಗಳು ಒಂದರ ಮೇಲೊಂದು ಬೀಳುವ ಸದ್ದು, ಒದ್ದೆ ಕಂಬಳಿಯ ವಾಸನೆ, ಇಷ್ಟೇ. ಉಳಿದದ್ದನ್ನೆಲ್ಲ ಗ್ರೇಷಿಯಾ ಸಿಸ್ಟರ್ ಹೇಳಿಹೇಳಿ ಅದೇ ನೆನಪಾಗಿತ್ತು. ಪ್ರತಿ ವರ್ಷ ಹೊಸ ಹುಡುಗಿಯರು ಬಂದು ಅತ್ತಾಗ ಸಿಸ್ಟರ್ ಇವಳನ್ನು ಕರೆದು ಮುಂದೆ ನಿಲ್ಲಿಸುತ್ತಿದ್ದರು. "ನೋಡಿ, ನಮ್ಮ ಪ್ರೇಮಾ. ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಇವಳು."

ಸಿಸ್ಟರ್ ಅವಳನ್ನು ಹೊಡೆದವರಲ್ಲ, ಬೈದವರಲ್ಲ. ಹಲ್ಲುಜ್ಜಲು ಕಲಿಸಿದರು, ಓದಿಸಿದರು, ಟೀಚರ್ ಟ್ರೇನಿಂಗಿಗೆ ಕಳಿಸಿದರು, ಅದೇ ಶಾಲೆಯಲ್ಲಿ ಕೆಲಸ ಕೊಡಿಸಿದರು. ನಮ್ಮ ಧರ್ಮಕ್ಕೆ ಬಾ ಎಂದು ಒಂದು ದಿನವೂ ಕೇಳಲಿಲ್ಲ. ಪ್ರೇಮಕ್ಕ ಹಣೆಗೆ ಕುಂಕುಮ ಇಟ್ಟುಕೊಂಡೇ ಚರ್ಚಿನ ಬೆಳಗಿನ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಹಾಡುಗಳೆಲ್ಲ ಬಾಯಿಪಾಠ ಬರುತ್ತಿದ್ದವು. ಮದುವೆಗೆಂದು ಎರಡು ಸಂಬಂಧ ಬಂದಿದ್ದವು. ಬೇಗಾರಿನವರಿಗೆ ಅವಳು ಸಿಸ್ಟರುಗಳ ಮನೆಯವಳು, ಊರ ಕ್ರೈಸ್ತರಿಗೆ ಅವಳು ಬೇಗಾರಿನವಳು, ಅದು ಹಾಗೇ ಹೋಯಿತು. ಕೆಲಸ ಸಿಕ್ಕಿದ ಮೇಲೆ ಅಮ್ಮನನ್ನು ಕರೆತಂದು ಪೇಟೆಯಲ್ಲಿ ಎರಡು ಕೋಣೆಯ ಮನೆ ಮಾಡಿದಳು. ಕರಿಯಕ್ಕ ಹೆಚ್ಚು ಮಾತಿನವಳಲ್ಲ. ಹದಿನಾಲ್ಕು ವರ್ಷ ಮಗಳ ಜೊತೆ ಇದ್ದು ತೊಂಬತ್ತಾರರಲ್ಲಿ ತೀರಿಕೊಂಡಳು. ಗ್ರೇಷಿಯಾ ಸಿಸ್ಟರ್ ಅಷ್ಟರೊಳಗೆ ವಯಸ್ಸಾಗಿ ಮಂಗಳೂರಿನ ಕಾನ್ವೆಂಟಿಗೆ ಹೋಗಿದ್ದರು. ಕ್ರಿಸ್‌ಮಸ್‌ಗೆ ಒಂದು ಕಾರ್ಡು ಬರುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿ, ಮನೆಭೇಟಿಯ ಮೊದಲ ದಿನ. ಚುನಾವಣೆ ಮುಗಿದು ತಿಂಗಳಾಗಿದ್ದರೂ ಶಾಲೆಯ ಗೋಡೆಯ ಮೇಲೆ ಮತಗಟ್ಟೆಯ ಸಂಖ್ಯೆ ಅಳಿಸಿರಲಿಲ್ಲ. ಪ್ರೇಮಕ್ಕ ಮಕ್ಕಳ ಪಟ್ಟಿ ತೆಗೆದುಕೊಳ್ಳಲು ಆಫೀಸಿಗೆ ಬಂದಾಗ ಜವಾನ ನಾರಾಯಣ ಬಾಗಿಲಲ್ಲೇ ನಿಂತಿದ್ದ. "ಟೀಚರೇ, ದೊಡ್ಡ ಸಿಸ್ಟರ್ ಕರೀತಿದ್ದಾರೆ" ಎಂದವನು ಎಂದಿನಂತೆ ನಗಲಿಲ್ಲ.

ದೊಡ್ಡ ಸಿಸ್ಟರ್ ಎಂದರೆ ಮುಖ್ಯೋಪಾಧ್ಯಾಯಿನಿ ಎಮಿಲ್ಡಾ ಸಿಸ್ಟರ್. ಉಡುಪಿ ಕಡೆಯವರು, ಪ್ರೇಮಕ್ಕನಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು.

"ಕೂತ್ಕೊಳ್ಳಿ ಪ್ರೇಮಾ. ಮಂಗಳೂರಿಂದ ಫೋನ್ ಬಂದಿತ್ತು. ಗ್ರೇಷಿಯಾ ಸಿಸ್ಟರ್ ಹೋಗಿಬಿಟ್ರಂತೆ. ಬೆಳಿಗ್ಗೆ ಐದು ಗಂಟೆಗೆ."

"ಹೌದಾ."

"ನಾಳೆ ಹತ್ತು ಗಂಟೆಗೆ ಮಣ್ಣು ಮಾಡುದು. ನಾವು ಮೂರು ಜನ ಮಧ್ಯಾಹ್ನ ಜೀಪಲ್ಲಿ ಹೋಗ್ತೇವೆ. ನೀವೂ ಬನ್ನಿ."

ಪ್ರೇಮಕ್ಕ ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡಿದಳು. "ಇವತ್ತು ಕೊಪ್ಪ ರೋಡಿನ ಕಡೆ ಬರ್ತೀನಿ ಅಂತ ಹೇಳಿ ಕಳಿಸಿದ್ದೆ ಸಿಸ್ಟರ್. ಕೆಲಸ ಬಿಟ್ಟು ಕಾಯ್ತಾ ಇರ್ತಾರೆ."

"ಅದು ನಾಡಿದ್ದು ಹೋದ್ರೂ ಆಗ್ತದಲ್ಲ."

"ಇಲ್ಲ ಸಿಸ್ಟರ್. ಹೋಗಿ ಬರ್ತೀನಿ."

ಎಮಿಲ್ಡಾ ಸಿಸ್ಟರ್ ಅವಳ ಮುಖವನ್ನೇ ನೋಡಿದರು. ಪ್ರೇಮಕ್ಕ ಪಟ್ಟಿ ಮಡಚಿ ಚೀಲದಲ್ಲಿಟ್ಟು ಹೊರಗೆ ಬಂದಳು. ಬಸ್ಸು ಬಂತು, ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೊದಲನೇ ಮನೆಯಲ್ಲಿ ಇಲಾಸ್ಟಿಕ್ಕಿನಿಂದ ಹೇನಿನವರೆಗೆ ಎಲ್ಲ ಹೇಳಿ ಮುಗಿಸಿ ರಸ್ತೆಗೆ ಬಂದ ಮೇಲೆ, ತಾನು ಏನು ಹೇಳಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಆದರೆ ಹೇಳಿದ್ದಂತೂ ಹೌದು, ಆ ಮನೆಯ ಹೆಂಗಸು ತಲೆಯಾಡಿಸಿದ್ದಳು. ಎರಡನೇ ಮನೆಯಲ್ಲಿ ಹಲಸಿನ ಹಣ್ಣು ಕೊಟ್ಟರು. ತಿಂದಳು. ರುಚಿ ಗೊತ್ತಾಗಲಿಲ್ಲ. ಕೈಗೆ ಅಂಟಿದ ಮೇಣವನ್ನು ಎಣ್ಣೆ ಹಚ್ಚಿ ತೊಳೆದುಕೊಂಡಳು.

"ಟೀಚರಿಗೆ ಎಂತೋ ಆಯಾಸ ಆದಂಗಿದೆ" ಎಂದಳು ಆ ಮನೆಯ ಅಜ್ಜಿ.

"ಬಿಸಿಲು" ಎಂದಳು ಪ್ರೇಮಕ್ಕ.

ಮರುದಿನ ಹತ್ತು ಗಂಟೆ ದಾಟಿದಾಗ ಅವಳು ಪೇಟೆಯಂಚಿನ ಒಂದು ಮನೆಯಲ್ಲಿ ಒಬ್ಬ ಹುಡುಗನ ಉಗುರು ನೋಡುತ್ತಿದ್ದಳು. ಗೋಡೆ ಗಡಿಯಾರದ ಕಡೆ ಕಣ್ಣು ಹೋಯಿತು. ಹತ್ತೂ ಕಾಲು. ಅಲ್ಲಿ ಈಗ ಮಣ್ಣು ಹಾಕುತ್ತಿರಬೇಕು ಎಂದುಕೊಂಡಳು. ಏನೂ ಆಗಲಿಲ್ಲ. ಹುಡುಗನ ತಾಯಿ ಯೂನಿಫಾರ್ಮಿನ ಬಣ್ಣ ಕೇಳಿದಳು. "ನೀಲಿ ಚಡ್ಡಿ, ಬಿಳಿ ಅಂಗಿ" ಎಂದಳು. ಅಮ್ಮ ಸತ್ತಾಗಲೂ ಹೀಗೇ ಆಗಿತ್ತು. ಆಗ ಊರವರು ಟೀಚರಿಗೆ ಗಟ್ಟಿ ಮನಸ್ಸು ಎಂದಿದ್ದರು. ಗಟ್ಟಿಯೋ ಏನೋ. ಒಳಗೆ ಕೈ ಹಾಕಿ ನೋಡಿದರೆ ಅಲ್ಲೇನೂ ಸಿಗುತ್ತಿರಲಿಲ್ಲ.

ಮೂರನೇ ದಿನ ಮುತ್ತಿನಕೊಪ್ಪಕ್ಕೆ ಹೋದಳು. ಐದು ಮನೆ ಮುಗಿಸಿ ಕೊನೆಯದಾಗಿ ಸುಂದರೇಶನ ಮನೆಗೆ ಬರುವಾಗ ಮಧ್ಯಾಹ್ನ ಮೂರು ಗಂಟೆ. ಸುಂದರೇಶ ಮರದ ಲಾರಿಗೆ ಲೋಡು ಮಾಡುವವನು, ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಚೇತನಾ ಗದ್ದೆ, ತೋಟದ ಕೆಲಸಕ್ಕೆ ಹೋಗುವವಳು. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿರಬಹುದು. ಏಳನೇ ಕ್ಲಾಸಿನವರೆಗೆ ಓದಿದ್ದಳು. ಟೀಚರು ಬರುತ್ತಾರೆಂದು ಕೆಲಸಕ್ಕೆ ಹೋಗದೆ ತಲೆ ಬಾಚಿಕೊಂಡು ಕಾದಿದ್ದಳು. ಮಗಳು ಸಿಂಚನಾ ಬಾಗಿಲ ಹಿಂದೆ ನಿಂತು ಒಂದು ಕಣ್ಣು ಮಾತ್ರ ತೋರಿಸುತ್ತಿದ್ದಳು. ಸುಂದರೇಶನ ಅಪ್ಪ ಗುರುವ ಜಗಲಿಯ ಮೂಲೆಯಲ್ಲಿ ಕೂತು ಬುಟ್ಟಿಗೆ ಬೆತ್ತ ಹೆಣೆಯುತ್ತಿದ್ದ.

ಚೇತನಾ ಪೆನ್ಸಿಲು ಹಿಡಿದು ಹೇಳಿದ್ದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಪ್ರೇಮಕ್ಕ ಎದ್ದುನಿಂತು ಕೊನೆಯ ಮಾತನ್ನೂ ಹೇಳಿದಳು. ಚೇತನಾ ಅದನ್ನು ಬರೆಯಲಿಲ್ಲ. ಪೆನ್ಸಿಲು ಕೆಳಗಿಟ್ಟಳು.

"ಇವಳು ನನ್ನ ಬಿಟ್ಟು ಒಂದು ದಿನ ಇದ್ದವಳಲ್ಲ ಟೀಚರೇ. ನೋಡ್ದೆ ಹೆಂಗೆ ಬರೋದು?"

"ಬರ್ಬೇಕು. ನಮ್ಮಮ್ಮ ಬೇಗಾರಿಂದ ಕರ್ಕೊಂಡು ಬಂದು ಬಿಟ್ಟು ಹೋದ್ಲು. ತಿರುಗಿ ನೋಡ್ಲಿಲ್ಲ. ನಾನು ಅಳ್ಲೂ ಇಲ್ಲ."

ಗುರುವನ ಕೈ ನಿಂತಿತು. "ಬೇಗಾರು ಅಂದ್ರಾ? ಯಾರ ಮಗಳು ನೀವು?"

"ಕರಿಯಕ್ಕ ಅಂತ. ನಿಮಗೆ ಗೊತ್ತಾಗ್ಲಿಕ್ಕಿಲ್ಲ."

"ಗೊತ್ತಿಲ್ದೆ ಎಂತ! ಅವಳು ಮಗಳನ್ನ ತಂದು ಬಿಟ್ಟ ವರ್ಷ ಮಳೆಗಾಲದಾಗೆ ನಾನು ನಿಮ್ಮ ಸಿಸ್ಟರಮ್ಮಗಳ ಅಡುಗೆಮನೆಗೆ ಸೌದೆ ಒಡೀತಿದ್ದೆ. ನಮ್ಮ ಚಿಕ್ಕಪ್ಪನ ಮನೆ ಕಡೆಯಿಂದ ಅವಳು ನಮಗೆ ದೂರದಾಗೆ ಸಂಬಂಧ." ಗುರುವ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವಳ ಮುಖವನ್ನು ನೋಡಿದ. "ಆ ಕೂಸು ನೀವಾ?"

"ಯಾವ ಕೂಸು?"

"ಊಟದ ಮನೆ ಕಿಟಕಿ ಸರಳು ಹಿಡ್ಕೊಂಡು ಕೂಗ್ತಾ ಇದ್ದ ಕೂಸು. ದಿನಾ ಬೆಳಿಗ್ಗೆ ಸುರು ಮಾಡಿದ್ರೆ ಮಧ್ಯಾಹ್ನದ ಗಂಟೆ ಹೊಡೆಯೋವರೆಗೂ. ಗಂಟ್ಲು ಕಟ್ಟಿ ಸ್ವರ ಬರ್ತಿರ್ಲಿಲ್ಲ, ಆದ್ರೂ ಬಾಯಿ ತೆರೆದೇ ಇರ್ತಿತ್ತು. ನಾನೇ ಒಂದು ದಿನ ಒಳಗೆ ಕೇಳ್ದೆ, ಅಲ್ಲ ಅಮ್ಮಾ, ಇದಕ್ಕೆ ಎಂತ ಬೇಕಂತೆ ಅಂತ."

ಪ್ರೇಮಕ್ಕ ಚಪ್ಪಲಿಗೆ ಕಾಲು ಹಾಕಿದವಳು ಹಾಗೇ ನಿಂತಿದ್ದಳು. "ಅದು ಬೇರೆ ಯಾರೋ ಇರ್ಬೇಕು" ಎಂದಳು.

"ಬೇರೆ ಯಾರಲ್ಲ. ಕರಿಯಕ್ಕನೇ ತೋರ್ಸಿದ್ಲು, ಅದು ನನ್ನ ಮಗಳು ಅಂತ. ರಸ್ತೆ ಆಚೆ ಆಗ ದರ್ಜಿ ಅಂಗಡಿ ಇತ್ತಲ್ಲ, ಅದರ ಸೂರಿನ ಕೆಳಗೆ ಕಂಬಳಿಕೊಪ್ಪೆ ಹೊದ್ಕೊಂಡು ನಿಂತಿದ್ಲು. ನಾನು ಹೋಗಿ ಮಾತಾಡಿಸ್ದೆ. ಒಳಗೆ ಹೋಗೇ ಅಂದ್ರೆ, ಇಲ್ಲ ಮಾರಾಯ, ಮೂರು ತಿಂಗಳು ಬರಬೇಡ ಅಂದಿದ್ದಾರೆ, ಕಂಡ್ರೆ ಕೂಸನ್ನ ವಾಪಸ್ ಕಳಿಸ್ಬಿಟ್ರೆ ಅಂದ್ಲು. ನನ್ನ ಬುತ್ತಿಯಲ್ಲಿ ಒಂದು ತುತ್ತು ಕೊಟ್ರೆ ಅದೂ ಬೇಡ ಅಂದ್ಲು. ಹಿಂದಿನ ರಾತ್ರಿ ಬಸ್ ಸ್ಟ್ಯಾಂಡಲ್ಲೇ ಮಲಗಿದ್ಲಂತೆ."

ಚೇತನಾ ಮಾವನ ಮುಖ ಒಮ್ಮೆ, ಟೀಚರ ಮುಖ ಒಮ್ಮೆ ನೋಡಿದಳು. ಸಿಂಚನಾ ಬಾಗಿಲ ಹಿಂದಿನಿಂದ ಪೂರ್ತಿ ಹೊರಗೆ ಬಂದಿದ್ದಳು.

"ಎಷ್ಟು ಸಲ ಬಂದಿದ್ಲು?" ಎಂದು ಪ್ರೇಮಕ್ಕ ಕೇಳಿದಳು.

"ನಾನು ಕಂಡಿದ್ದು ಎರಡು ಸಲ. ಆಮೇಲೆ ನನಗೆ ಬೇರೆ ಕಡೆ ಕೆಲಸ ಆಯ್ತು. ನಿಮಗೆ ಹೇಳ್ಲಿಲ್ವಾ ಅವಳು?"

"ಇಲ್ಲ."

ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದರು. ಒಂದೇ ಒಲೆಯ ಮುಂದೆ ಕೂತು ಉಂಡರು. ನೀನು ಅಳಲೇ ಇಲ್ಲವಂತೆ ಎಂದು ಯಾರಾದರೂ ಹೊಗಳಿದಾಗ ಕರಿಯಕ್ಕ ಎದ್ದು ಬೇರೆ ಕೆಲಸ ನೋಡುತ್ತಿದ್ದಳು. ಅಷ್ಟು ಮಾತ್ರ ಪ್ರೇಮಕ್ಕನಿಗೆ ಈಗ ಹೊಳೆಯಿತು. ಎದೆಯಲ್ಲಿ ಏನಾದರೂ ಆಗುತ್ತದೆಯೋ ಎಂದು ಕಾದಳು. ಕಾಲ ಬೆರಳುಗಳು ಚಪ್ಪಲಿಯೊಳಗೆ ತಣ್ಣಗಿದ್ದವು. ಅಂಗಳದಲ್ಲಿ ಒಂದು ಕೋಳಿ ಮರಿಗಳನ್ನು ಕಟ್ಟಿಕೊಂಡು ಓಡಾಡುತ್ತಿತ್ತು. ಅದನ್ನೇ ನೋಡುತ್ತ ನಿಂತಳು.

ಆಮೇಲೆ ಚೇತನಾ ಕಡೆ ತಿರುಗಿ, "ಒಂದನೇ ತಾರೀಕು ಬಾ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತ್ಕೋ. ಮಗು ಸಾಕು ಅಂದ ಮೇಲೆ ಹೋಗು" ಎಂದಳು.

ಹಾಗೆ ಹೇಳಬೇಕೆಂದು ಅವಳೇನೂ ನಿಶ್ಚಯ ಮಾಡಿರಲಿಲ್ಲ. ಬಾಯಿಗೆ ಬಂತು, ಹೇಳಿದಳು. ಮರುದಿನ ಉಳಿದ ಮನೆಗಳಲ್ಲೂ ಅದನ್ನೇ ಹೇಳಿದಳು. ಅದರ ಮರುದಿನ ಪಟ್ಟಿ ಮುಗಿದಿತ್ತು. ಅವಳು ಮತ್ತೆ ಬಸ್ಸು ಹತ್ತಿ ಮೊದಲಿನ ಮೂರು ದಿನ ಹೋದ ಮನೆಗಳಿಗೆ ಒಂದೊಂದಾಗಿ ಹೋದಳು. ಕೆಲವರು ಗದ್ದೆಯಲ್ಲಿದ್ದರು, ಅಲ್ಲಿಗೇ ಹೋದಳು. "ನಾನು ಒಂದು ಮಾತು ತಪ್ಪು ಹೇಳಿದ್ದೆ. ಹೊರಟುಬಿಡ್ಬೇಡಿ. ಕೂತ್ಕೊಳ್ಳಿ." ಹಲಸಿನ ಹಣ್ಣು ಕೊಟ್ಟ ಮನೆಯ ಅಜ್ಜಿಗೆ ಇಷ್ಟು ಹೇಳಲಿಕ್ಕೆ ಟೀಚರು ಇಷ್ಟು ದೂರ ಬಂದದ್ದು ಅರ್ಥವಾಗಲಿಲ್ಲ. ಮತ್ತೊಮ್ಮೆ ಹಲಸಿನ ಹಣ್ಣನ್ನೇ ಕೊಟ್ಟಳು.

ಜೂನ್ ಒಂದರಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಂದನೇ ಕ್ಲಾಸಿನ ಮುಂದಿನ ಜಗಲಿಯಲ್ಲಿ ಮೂವತ್ತು ಜನ ಹೆಂಗಸರು ಕೂತಿದ್ದರು. ಕೆಲವರ ಸೊಂಟದಲ್ಲಿ ಕೂಸು. ಇಬ್ಬರು ಅಪ್ಪಂದಿರೂ ಇದ್ದರು, ಅವರು ಕಂಬಕ್ಕೆ ಒರಗಿ ನಿಂತಿದ್ದರು. ಮಕ್ಕಳು ಒಳಗಿನಿಂದ ಓಡಿ ಬಂದು ಅಮ್ಮನನ್ನು ಮುಟ್ಟಿ ಮತ್ತೆ ಒಳಗೆ ಹೋಗುತ್ತಿದ್ದರು. ಒಂದು ಮಗು ಡಬ್ಬಿ ತೆಗೆದು ಬೆಳಿಗ್ಗೆಯೇ ತಿಂದು ಮುಗಿಸಿತು. ಎಮಿಲ್ಡಾ ಸಿಸ್ಟರ್ ಉದ್ದಕ್ಕೂ ನೋಡಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಇದೆಂತದು ಪ್ರೇಮಾ, ಸಂತೆಯಾ?"

"ನಾನೇ ಇರಲಿಕ್ಕೆ ಹೇಳಿದ್ದು ಸಿಸ್ಟರ್."

"ನೀವಾ? ತಿರುಗಿ ನೋಡ್ಬಾರ್ದು ಅಂತ ನನಗೆ ಹೇಳಿಕೊಟ್ಟವರೇ ನೀವು. ನಾನು ಇಲ್ಲಿಗೆ ಬಂದ ವರ್ಷ."

"ಹೌದು. ಅದು ಸರಿಯಿರ್ಲಿಲ್ಲ."

"ಯಾಕೆ?"

ಗುರುವನ ಮಾತು, ದರ್ಜಿ ಅಂಗಡಿಯ ಸೂರು, ಯಾವುದನ್ನೂ ಈ ಗಲಾಟೆಯ ಮಧ್ಯೆ ನಿಂತು ಹೇಳಲಾಗುತ್ತಿರಲಿಲ್ಲ. "ನಾನು ಅತ್ತಿದ್ದೆ ಸಿಸ್ಟರ್" ಎಂದಳು. "ಬಹಳ ದಿನ ಅತ್ತಿದ್ದೆ. ನನಗೆ ಗೊತ್ತಿರ್ಲಿಲ್ಲ."

ಎಮಿಲ್ಡಾ ಸಿಸ್ಟರ್ ಜಗಲಿಯ ತುಂಬ ಕೂತವರನ್ನು ಇನ್ನೊಮ್ಮೆ ನೋಡಿದರು. "ಒಂದು ವಾರ. ಅದಕ್ಕಿಂತ ಹೆಚ್ಚು ಆಗ್ಲಿಕ್ಕಿಲ್ಲ. ಬೇರೆ ಕ್ಲಾಸಿಗೆ ತೊಂದರೆ ಆಗ್ತದೆ" ಎಂದು ಹೋದರು. ಸ್ವಲ್ಪ ಹೊತ್ತಿಗೆ ನಾರಾಯಣ ಎರಡು ಬೆಂಚು ತಂದು ಜಗಲಿಯಲ್ಲಿ ಹಾಕಿದ.

ಒಂದು ವಾರವೂ ಬೇಕಾಗಲಿಲ್ಲ. ಎರಡನೇ ದಿನ ಹದಿನೆಂಟು ಜನ, ಮೂರನೇ ದಿನ ಏಳೆಂಟು ಜನ. ಮಳೆ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಎಲ್ಲರಿಗೂ ಇತ್ತು. ಅಂದು ಸಂಜೆಯವರೆಗೆ ಉಳಿದವಳು ಚೇತನಾ ಒಬ್ಬಳೇ. ಸಿಂಚನಾ ಒಳಗೆ ಕೂರುತ್ತಿದ್ದಳು, ಆದರೆ ಬಾಗಿಲ ಕಡೆ ಮುಖ ಮಾಡಿ. ಸ್ಲೇಟಿನ ಮೇಲೆ ಒಂದು ಗೆರೆ ಎಳೆದರೂ ತಲೆಯೆತ್ತಿ ಅಮ್ಮ ಇದ್ದಾಳೆಯೇ ಎಂದು ನೋಡುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ಚೇತನಾ ಬಂದವಳು ಕೂರಲಿಲ್ಲ.

"ಟೀಚರೇ, ತೋಟದ ಜಯದೇವಪ್ಪನೋರು ಹೇಳಿ ಕಳಿಸಿದ್ದಾರೆ. ಇವತ್ತೂ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೊಳ್ತೀವಿ ಅಂತ. ಈ ಮಳೆಗಾಲ ಪೂರ್ತಿ ಅಲ್ಲೇ ನನಗೆ ಕೆಲಸ ಇರೋದು."

"ಹೋಗು ಹಾಗಾದ್ರೆ."

"ನೀವು ಇರು ಅಂದಿದ್ರಿ. ಇನ್ನೂ ಇವಳು ಸಾಕು ಅಂದಿಲ್ಲ."

"ಅಂದಿಲ್ಲ" ಎಂದು ಪ್ರೇಮಕ್ಕ ಒಪ್ಪಿಕೊಂಡಳು. "ಸಂಜೆ ಬರ್ತೀನಿ ಅಂತ ಅವಳಿಗೇ ಹೇಳಿ ಹೋಗು. ಹೇಳದೆ ಮಾತ್ರ ಹೋಗ್ಬೇಡ."

ಚೇತನಾ ಮಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಹೇಳಿದಳು. ಗೇಟಿನವರೆಗೆ ನಾಲ್ಕು ಸಲ ತಿರುಗಿ ನೋಡಿದಳು, ಪ್ರತಿ ಸಲ ಸಿಂಚನಾಳ ಕೂಗು ಜೋರಾಯಿತು. ಗ್ರೇಷಿಯಾ ಸಿಸ್ಟರ್ ಹೇಳಿದ್ದರಲ್ಲಿ ಅಷ್ಟು ನಿಜವಿತ್ತು. ಪ್ರೇಮಕ್ಕ ಮಗುವನ್ನು ಎತ್ತಿಕೊಂಡಳು. ಅದು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿತು, ಕೈಯಲ್ಲಿ ಗುದ್ದಿತು, ಅವಳ ಸೀರೆಯ ಹೆಗಲಿಗೆ ಮೂಗು, ಕಣ್ಣು ಎಲ್ಲ ಒರೆಸಿತು. ಬೇರೆ ವರ್ಷಗಳಲ್ಲಾಗಿದ್ದರೆ ಸಾಕು, ಅಳಬೇಡ, ಜಾಣೆ ಅಲ್ಲವಾ ಎನ್ನುತ್ತಿದ್ದಳು. ಈ ಸಲ ಅಳಲು ಬಿಟ್ಟು, ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಉಳಿದ ಮಕ್ಕಳಿಗೆ ಬೋರ್ಡಿನ ಮೇಲೆ ರ, ಗ, ಸ ಬರೆದಳು. ಸಿಂಚನಾ ಆ ದಿನ ಅತ್ತಳು, ಮರುದಿನವೂ ಅತ್ತಳು. ಜೂನ್ ತಿಂಗಳ ಅರ್ಧದಷ್ಟು ದಿನ ಅತ್ತಳು. ಆಮೇಲೆ ಒಂದು ದಿನ ಪಕ್ಕದ ಹುಡುಗಿಯ ಬಳಪ ಕಿತ್ತುಕೊಂಡದ್ದಕ್ಕೆ ಬೈಸಿಕೊಂಡಳು. ಅವಳು ಒಗ್ಗಿದಳೆಂದು ಪ್ರೇಮಕ್ಕನಿಗೆ ಗೊತ್ತಾದದ್ದು ಹಾಗೆ.

ದಸರಾ ರಜೆಯಲ್ಲಿ ಪ್ರೇಮಕ್ಕ ಮಂಗಳೂರಿಗೆ ಹೋದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಸಿಟ್ಟು ಬರಬಹುದು ಎಂದುಕೊಂಡಿದ್ದಳು, ಬಂದರೆ ಅಲ್ಲಿ ನಿಂತೇ ಬರಲಿ ಎಂದುಕೊಂಡಿದ್ದಳು. ಕಾನ್ವೆಂಟಿನ ಹಿಂದೆ ಸಿಸ್ಟರುಗಳ ಸಮಾಧಿಗಳು. ಎಲ್ಲ ಒಂದೇ ಅಳತೆ, ಒಂದೇ ಶಿಲುಬೆ, ಹೆಸರು, ಹುಟ್ಟಿದ ದಿನ, ಸತ್ತ ದಿನ. ಕೊನೆಯದರ ಮೇಲೆ ಸಿಮೆಂಟು ಇನ್ನೂ ಹೊಸದು. ಊದುಬತ್ತಿ ಹಚ್ಚಬಹುದೋ ಇಲ್ಲವೋ ಎಂದು ಯೋಚಿಸಿ, ತಂದಿದ್ದ ಸೇವಂತಿಗೆ ಇಟ್ಟಳು. ಸಿಟ್ಟು ಬರಲಿಲ್ಲ. ಆರು ವರ್ಷದ ತನ್ನ ಜಡೆಯನ್ನು ಬಿಗಿಯಾಗಿ ಹೆಣೆಯುತ್ತಿದ್ದ ಬೆರಳುಗಳು ನೆನಪಾದವು. ಅದೇ ಬೆರಳುಗಳ ಹೆಂಗಸು ಅಳುವ ಮಗುವಿಗೆ ನೀನು ಅಳಲಿಲ್ಲ ಎಂದು ಯಾಕೆ ಹೇಳಿರಬೇಕು? ತಾನೇ ನಂಬಿದ್ದರೋ, ನಂಬಿಸಿದರೆ ಮಗು ಗಟ್ಟಿಯಾಗುತ್ತದೆ ಎಂದುಕೊಂಡರೋ. ಕೇಳಲಿಕ್ಕೆ ಈಗ ಯಾರೂ ಇರಲಿಲ್ಲ.

ಗ್ರೇಷಿಯಾ ಸಿಸ್ಟರ ಜೊತೆ ಒಂದೇ ಕೋಣೆಯಲ್ಲಿದ್ದ ಮುದಿ ಸಿಸ್ಟರ್ ಒಬ್ಬರು ವಾಕರ್ ಹಿಡಿದು ನಿಧಾನಕ್ಕೆ ಬಂದು ಅವಳ ಪಕ್ಕ ನಿಂತರು.

"ನೀನು ಆ ಬೇಗಾರಿನ ಹುಡುಗಿ ಅಲ್ವಾ? ಗ್ರೇಷಿಯಾ ನಿನ್ನ ಬಗ್ಗೆ ಯಾವಾಗಲೂ ಹೇಳ್ತಿದ್ದಳು. ಕಡೇ ದಿವಸಗಳಲ್ಲಿ ಬೇರೆ ಎಲ್ಲ ಮರೆತು ಹೋಗಿತ್ತು ಅವಳಿಗೆ. ನಿನ್ನ ಹೆಸರು ಮಾತ್ರ ನೆನಪಿತ್ತು."

"ಏನು ಹೇಳ್ತಿದ್ರು ಸಿಸ್ಟರ್?"

"ಆ ಮಗುವನ್ನು ಯಾರಾದ್ರೂ ಕಿಟಕಿಯಿಂದ ಈಚೆ ಕರ್ಕೊಂಡು ಬನ್ನಿ ಅಂತ. ಇಲ್ಲಿ ಯಾವ ಮಗುವೂ ಇಲ್ಲ ಅಂದ್ರೆ ಕೇಳ್ತಿರ್ಲಿಲ್ಲ. ನಮಗೆ ಏನಂತ ಅರ್ಥ ಆಗ್ಲಿಲ್ಲ."

ಪ್ರೇಮಕ್ಕ ಮುದಿ ಸಿಸ್ಟರ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಒಳಗೆ ಊಟಕ್ಕೆ ಕೂರಿಸಿದರು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಬೀನ್ಸ್ ಪಲ್ಯ. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಉಪ್ಪು ಹೆಚ್ಚಾಗಿದೆ ಎಂದು ನಾಲಿಗೆಗೆ ಗೊತ್ತಾದಾಗ ಅವಳು ಒಂದು ಕ್ಷಣ ಕೈ ತಡೆದಳು, ಮತ್ತೆ ಇನ್ನೊಂದು ತುತ್ತು ಕಲಸಿಕೊಂಡಳು. ಎರಡು ಗಂಟೆಗೆ ಕೊಪ್ಪದ ಬಸ್ಸಿತ್ತು. ಬಡಿಸುತ್ತಿದ್ದ ಹುಡುಗಿ ಇನ್ನೂ ಸ್ವಲ್ಪ ಅನ್ನ ಹಾಕಲೇ ಎಂದು ಕೇಳಿದಾಗ ಪ್ರೇಮಕ್ಕ ಹಾಕು ಎಂದಳು.